ತೊಡೆ ತಟ್ಟಿದ್ದು

ಪಂಪಾವತಿ ತೊಡೆ ತಟ್ಟಿದ್ದು ಇಡೀ ಜಿಮ್ಮಿಗೆ ಕೇಳಿಸಿತು. ಒಂದು ಸಲವಲ್ಲ, ಪಟಪಟನೆ ಮೇಲಿಂದ ಮೇಲೆ ತಟ್ಟಿದಳು. ಮ್ಯಾಟಿನ ಮೇಲೆ ಅಂಗಾತ ಬಿದ್ದಿದ್ದಳು. ಕಂಪ್ಲಿಯ ಹುಡುಗಿ ತುಳಸಿ ಅವಳ ಬಲಗೈಯನ್ನು ತನ್ನ ಎರಡೂ ತೊಡೆಗಳ ನಡುವೆ ಸಿಕ್ಕಿಸಿ, ಎದೆಗೆ ಅವಚಿಕೊಂಡು, ಹಿಂದಕ್ಕೆ ಒರಗಿ ಎಳೆಯುತ್ತಿದ್ದಳು. ಒಂದು ಕಾಲು ಪಂಪಾವತಿಯ ಬಾಯಿಗೆ ಅಡ್ಡ, ಇನ್ನೊಂದು ಎದೆಗೆ ಅಡ್ಡ. ಅದರಡಿ ಸಿಕ್ಕಿದ ಎಡಗೈಯಲ್ಲಿ ಅಂಗೈಯೊಂದೇ ಹೊರಗಿತ್ತು.

ಆ ಜಿಮ್ಮಿನ ಒಡೆಯ ಜಂಬುನಾಥನೇ ಅವತ್ತಿನ ರೆಫರಿ. ಮಂಡಿಯೂರಿ ಬಗ್ಗಿ ನೋಡುತ್ತಿದ್ದವನು ತಲೆಯೆತ್ತಿ, ಮ್ಯಾಟಿನ ಅಂಚಿಗೆ ನಿಂತಿದ್ದ ಪಂಪಾವತಿಯ ಅಪ್ಪ ಕಾಳಪ್ಪನ ಕಡೆ ತಿರುಗಿದ.

"ಕಾಳಪ್ಪಣ್ಣಾ, ಏನ್ರಿ ಇದು? ನಿಲ್ಲಿಸ್ಲೇನು?"

"ಏ, ಬ್ಯಾಡ್ರಿ! ತೊಡಿ ತಟ್ಟಿ ಸವಾಲ್ ಹಾಕ್ಯಾಳ ನನ್ನ ಮಗಳು! ಆಡ್ಲಿ ಬಿಡ್ರಿ!"

ಜನ ಹೋ ಎಂದರು, ಯಾರೋ ಸಿಳ್ಳೆ ಹೊಡೆದ. ಆ ಗದ್ದಲದ ಮಧ್ಯೆಯೇ ಹಸಿ ಕಬ್ಬು ಮುರಿದ ಹಾಗೆ ಲಟಕ್ಕೆಂದಿತು. ತುಳಸಿ ಹಾವು ಮುಟ್ಟಿದವಳಂತೆ ಕೈ ಬಿಟ್ಟು ಎದ್ದು ನಿಂತಳು. ಪಂಪಾವತಿಯ ಮೊಣಕೈ ಯಾವ ಕಡೆಗೆ ಮಡಚಬಾರದೋ ಆ ಕಡೆಗೆ ಮಡಚಿತ್ತು.

ಇವನೆಂಥ ಅಪ್ಪನಪ್ಪಾ ಅಂತ ಬೈಯುವುದು ಸುಲಭ. ಆದರೆ ಕಾಳಪ್ಪ ಹುಟ್ಟಿ ಬೆಳೆದದ್ದು ಕಮಲಾಪುರದ ಗರಡಿಯ ಕೆಮ್ಮಣ್ಣಿನಲ್ಲಿ. ಅಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಸೋಲು, ತೊಡೆ ತಟ್ಟಿದರೆ ಸವಾಲು. ಮೂರನೆಯ ಮಾತಿಲ್ಲ. ಕೀಲು ತಿರುಚಿ ಗೆಲ್ಲುವ ಈ ಹೊಸ ಆಟಕ್ಕೆ ಮಗಳು ಸೇರಿದಾಗಲೇ ಅವನು ಮೂಗು ಮುರಿದಿದ್ದ. "ನೋವಾದ್ರ ಮ್ಯಾಟಿಗೋ ಎದುರಿನವರ ಮೈಗೋ ತಟ್ಟಬೇಕಪ್ಪಾ, ತಟ್ಟಿದ ಕೂಡ್ಲೇ ಎದುರಿನವರು ಬಿಡಬೇಕು. ಇಲ್ಲಾಂದ್ರ ಕೈ ಹೋಗ್ತೈತಿ" ಎಂದು ಅವಳು ಬಿಡಿಸಿ ಬಿಡಿಸಿ ಹೇಳಿದ್ದಳು. "ತಟ್ಟಿ ಸೋಲೋದಾ? ಭಾಳ ಚಲೋ ಆತು ತಗಾ, ನಿಮ್ಮಾಟದಾಗ ಎಲ್ಲಾ ಉಲ್ಟಾ" ಎಂದು ನಕ್ಕು ಮಗ್ಗುಲಾಗಿದ್ದ. ಸಂಡೂರು ರಸ್ತೆಯ ಅದಿರು ಯಾರ್ಡಿನಲ್ಲಿ ರಾತ್ರಿ ಪಾಳಿ ಕಾಯುವವನಿಗೆ ಹಗಲು ಯಾರ ಮಾತೂ ಪೂರಾ ಕಿವಿಗೆ ಇಳಿಯುತ್ತಿರಲಿಲ್ಲ. ಈವತ್ತೂ ನಿದ್ದೆಗೆಟ್ಟ ಕಣ್ಣಲ್ಲೇ ಬಂದು ನಿಂತಿದ್ದ.

ಆಸ್ಪತ್ರೆಯಲ್ಲಿ ಕೀಲು ಕೂರಿಸುವಾಗ ಪಂಪಾವತಿ ಕಿರುಚಿದ್ದು ಹೊರಗಿನ ಬೆಂಚಿನವರೆಗೂ ಬಂತು. ಕಾಳಪ್ಪ ಎದ್ದು ಕಿಟಕಿಯ ಹತ್ತಿರ ಹೋದ, ವಾಪಸು ಬಂದು ಕೂತ, ಮತ್ತೆ ಎದ್ದ. ಕೊನೆಗೆ ಡಾಕ್ಟರಮ್ಮ ಹೊರಗೆ ಬಂದರು.

"ಮೂಳೆ ಮುರಿದಿಲ್ಲ. ಕೀಲು ತಪ್ಪಿತ್ತು, ಕೂರಿಸಿದ್ದೀವಿ. ಆದ್ರೆ ಎರಡು ಮೂಳೆ ಹಿಡ್ಕೊಂಡಿರೋ ಕಟ್ಟು ಇರ್ತದಲ್ಲ, ಲಿಗಮೆಂಟ್, ಅದು ಹರಿದಿದೆ."

"ಬರೋ ತಿಂಗಳ ಪೊಲೀಸ್ ಸೆಲೆಕ್ಷನ್ ಐತ್ರಿ. ಬರೆಯೋದು ಪಾಸಾಗ್ಯಾಳ. ಓಡೋದು, ಗುಂಡು ಎಸೆಯೋದು ಅಷ್ಟೇ ಉಳಿದೈತಿ."

"ಗುಂಡು ಎಸೆಯೋ ಮಾತು ಈ ಸಲ ಬಿಡಿ. ಕೈ ಪೂರ್ತಿ ನೆಟ್ಟಗಾಗ್ತದೋ ಇಲ್ವೋ ಅನ್ನೋದೇ ಈಗ ಹೇಳೋಕಾಗಲ್ಲ. ಅಲ್ಲಪ್ಪಾ, ನೋವಾದ ಕೂಡ್ಲೇ ಬಿಡಿಸ್ಕೊಳ್ಳೋಕೆ ಏನೋ ಸನ್ನೆ ಇರ್ತದಂತಲ್ಲ. ಯಾರೂ ನೋಡ್ಲಿಲ್ವಾ?"

ಕಾಳಪ್ಪನ ಪಕ್ಕದಲ್ಲಿದ್ದ ಜಂಬುನಾಥ್ ನೆಲ ನೋಡುತ್ತ, "ತಪ್ಪು ನಂದ್ರಿ ಮೇಡಂ. ಮ್ಯಾಟಿನ ಮೇಲಿದ್ದವನು ನಾನು. ಯಾರನ್ನೂ ಕೇಳ್ಬಾರದಿತ್ತು" ಎಂದ. ಅವನು ಕಾಳಪ್ಪನ ಹೆಸರೆತ್ತಲಿಲ್ಲ. ಎತ್ತಿ ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಚಿತ್ತವಾಡ್ಗಿಯ ಮನೆಗೆ ಆಟೊದಲ್ಲಿ ಹೊರಟರು. ಪ್ರತಿ ತಗ್ಗಿಗೂ ಪಂಪಾವತಿ ಕಟ್ಟು ಹಾಕಿದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿಯುತ್ತಿದ್ದಳು. ಕಾಳಪ್ಪ ಆಸರೆ ಕೊಡಲು ಹೋದರೆ ಆ ಕಡೆ ಸರಿದಳು. ಕಾಲುವೆ ದಾಟುವವರೆಗೂ ಅವನು ತಡೆದುಕೊಂಡ. ಆಮೇಲೆ ತಡೆಯಲಾಗಲಿಲ್ಲ.

"ತೊಡಿ ಯಾಕ ತಟ್ಟಿದ್ಯವ್ವಾ?"

"ಇನ್ನೆಲ್ಲಿ ತಟ್ಲಿ?" ಅವಳು ಹೊರಗೇ ನೋಡುತ್ತಿದ್ದಳು. "ಬಾಯಿ ಮ್ಯಾಲೆ ಕಾಲಿತ್ತು. ಈ ಕೈಗೆ ನನ್ನ ತೊಡಿ ಬಿಟ್ಟು ಬ್ಯಾರೆ ಏನೂ ಸಿಗಲಿಲ್ಲ. ಸಾಕು, ಸೋತೆ ಅಂತ ತಟ್ಟಿದೆ. ನೀನು ನೋಡಾಕತ್ತಿದ್ಯಲ್ಲ, ನಿಲ್ಲಿಸ್ತಿ ಅಂತ ಅನ್ಕಂಡೆ."

ಮಾತಾಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕಾಳಪ್ಪ ಆಡಿದ್ದು ಎರಡೇ ಮಾತು, ಅದರಲ್ಲಿ ಮಗಳ ಕೈಯೂ ಹೋಯಿತು, ಕೆಲಸವೂ ಹೋಯಿತು.

ಅವರಿಗಿಂತ ಮುಂಚೆ ಸುದ್ದಿ ಓಣಿ ಮುಟ್ಟಿತ್ತು. ಅದೂ ಎಂಥ ಸುದ್ದಿ! ಹೆಂಡತಿ ಹಂಪಕ್ಕ ಬಾಗಿಲಲ್ಲೇ ಮಗಳ ಕೈ ನೋಡಿ ಹೊಯ್ಕೊಂಡಳು. "ಕೈ ಮುರಿಯೋ ತನಕ ಹಟ ಹಿಡಿಯೋದೇನಿತ್ತೇ ಹುಚ್ಚಿ? ತೊಡಿ ತಟ್ಟಿದ್ಯಂತ! ನಿಮ್ಮಪ್ಪನ ರಕ್ತ ಎಲ್ಲಿ ಹೋಗ್ತೈತಿ!" ಎಂದು ಅಳುತ್ತ ಬೈದಳು, ಬೈಯುತ್ತ ಒಳಗೆ ಕರೆದೊಯ್ದು ಮಲಗಿಸಿದಳು. ಪಂಪಾವತಿ ಗೋಡೆಗೆ ಮುಖ ಮಾಡಿದಳು.

ಸಂಜೆ ಗರಡಿಯ ಹಳೆಯ ಗೆಳೆಯ ಗುಡ್ಡಪ್ಪ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದ. ಹಿಂದೆಯೇ ಓಣಿಯ ನಾಲ್ಕೈದು ಜನ ಬಂದು ಪಡಸಾಲೆಯಲ್ಲಿ ಕೂತರು.

"ಎಲ್ಲಿ ನಮ್ಮ ಹುಲಿ?" ಗುಡ್ಡಪ್ಪನ ದನಿಗೆ ಮಾಡಿನ ತಗಡು ನಡುಗಿತು. "ಲೇ ಕಾಳ್ಯಾ, ಜನ್ಮ ಸಾರ್ಥಕ ಆತು ಬಿಡಲೇ ನಿಂದು! ಕೈ ಮುರೀತಿದ್ರೂ ಸವಾಲ್ ಹಾಕ್ಯಾಳಂದ್ರ! ನಾವೂ ಆಡೀವಿ, ನಮಗಿತ್ತೇನಲೇ ಆ ಗುಂಡಿಗಿ? ಈ ಸಲ ಕಮಲಾಪುರದ ಗರಡಿಗೆ ಕರೆಸಿ ಶಾಲು ಹೊದಿಸ್ತೀವಿ ಆಕಿಗೆ. ಹೆಂಗ ತಟ್ಟಿದ್ಲು, ಸ್ವಲ್ಪ ಹೇಳು ನೋಡೋಣ."

ಎಲ್ಲರೂ ಕಾಳಪ್ಪನ ಮುಖವನ್ನೇ ನೋಡುತ್ತಿದ್ದರು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಮಗಳಿಗೆ ಶಾಲು, ಅಪ್ಪನಿಗೆ ಹೆಸರು. ಒಳಗೆ ಮಂಚ ಕಿರ್ರೆಂದಿತು. ಅವಳಿಗೆ ಎಲ್ಲ ಕೇಳುತ್ತಿದೆ ಎಂದು ಅವನಿಗೆ ಗೊತ್ತಾಯಿತು.

"ಸವಾಲಲ್ಲ ಅದು" ಎಂದ.

"ಏನಂದಿ?"

"ಸೋತೆ ಅಂತ ತಟ್ಟಿದ್ಲು. ಬಿಡಿಸ್ರಿ ಅಂತ ತಟ್ಟಿದ್ಲು. ಆ ಜಂಬುನಾಥ್ ನಿಲ್ಲಿಸ್ಲೇನು ಅಂತ ನನ್ನ ಕೇಳಿದ. ನಾನೇ ಬ್ಯಾಡಂದೆ. ಕೈ ಮುರಿದಿದ್ದು ಕಂಪ್ಲಿ ಹುಡುಗಿ ಅಲ್ಲೋ ಗುಡ್ಡಪ್ಪಾ, ನಾನು."

ಗುಡ್ಡಪ್ಪ ಅವನ ಹತ್ತಿರ ಸರಿದು ದನಿ ತಗ್ಗಿಸಿದ. "ಲೇ, ಇರ್ಲಿ ಬಿಡಲೇ. ಹಂಗ ಹೇಳ್ಕೋತ ತಿರುಗಬ್ಯಾಡ. ಜನ ಸವಾಲಂತ ತಿಳ್ಕಂಡಾರ, ಹಂಗೇ ತಿಳ್ಕಳ್ಳಿ."

"ಬ್ಯಾಡ. ನೀನು ಯಾರಿಗೆ ಹೇಳಿದ್ರೂ ನಾ ಹೇಳಿದಂಗ ಹೇಳು. ಸಾಕು ಅಂದಿದ್ಲು, ಅಪ್ಪಗ ತಿಳೀಲಿಲ್ಲ ಅಂತ ಹೇಳು."

ಬಂದವರು ಚಹಾ ಕುಡಿದು, ಕುಡಿಯದೆ, ಒಬ್ಬೊಬ್ಬರೇ ಎದ್ದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಆಗಲೇ ನಿಂತುಹೋಗಿತ್ತು. ಹಂಪಕ್ಕ ಹೊಸ್ತಿಲಿಗೆ ಬಂದು, ಹಿಟ್ಟಾದ ಕೈಯಲ್ಲೇ ನಿಂತು ಗಂಡನನ್ನು ನೋಡಿದಳು. ಬೈಯುತ್ತಾಳೆಂದು ಕಾಳಪ್ಪ ಕಾದ. ಅವಳು ಬೈಯದೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.

"ಅಪ್ಪಾ."

ಕಾಳಪ್ಪ ಧಡಕ್ಕನೆ ಎದ್ದು ಒಳಗೆ ಹೋದ. ಪಂಪಾವತಿ ಮಂಚದ ಮೇಲೆ ಎದ್ದು ಕೂತಿದ್ದಳು. ಆಟಕ್ಕೆಂದು ನೆತ್ತಿಗೆ ಅಂಟುವಂತೆ ಬಿಗಿದು ಹೆಣೆದ ಎರಡು ಜಡೆ ಹಾಗೇ ಇದ್ದವು.

"ತಲಿ ಸಿಡಿಯಾಕತ್ತೈತಿ. ಒಂದು ಕೈಲೆ ಬಿಚ್ಚಾಕ ಬರವಲ್ದು."

"ಅವ್ವನ್ನ ಕರೀಲಾ?"

"ಆಕಿ ಕೈ ಹಿಟ್ಟಾಗೈತಿ. ನೀನೇ ಬಿಚ್ಚು."

ಅವನು ಹಿಂದೆ ಕೂತ. ಮಣ್ಣಿನಲ್ಲಿ ಆಡಿ, ಭಾರ ಹೊತ್ತು ದಪ್ಪಗಾದ ಬೆರಳುಗಳಿಗೆ ಆ ಸಣ್ಣ ರಬ್ಬರು ಸಿಗಲೊಲ್ಲದು. ತಡಕಾಡಿ ತಡಕಾಡಿ ಒಂದನ್ನು ಜಾರಿಸಿದ. ಎಳೆಯ ಮೇಲೆ ಎಳೆ ಬಿಡಿಸುತ್ತ ಮೇಲಕ್ಕೆ ಬಂದ. ಮ್ಯಾಟಿನ ಬೆವರಿಗೆ ಕೂದಲು ಗಂಟುಗಂಟಾಗಿತ್ತು.

"ನೋವಾದ್ರ ಹೇಳವ್ವಾ."

"ಹ್ಞೂಂ."

ಕಿವಿಯ ಹಿಂದೆ ಒಂದು ಗಂಟು ಬಿಗಿಯಾಗಿ ಕೂತಿತ್ತು. ಅವನು ಮೆಲ್ಲಗೆ ಜಗ್ಗಿದ.

"ಸ್ಸ್... ನೋಯ್ತೈತಿ."

ಕಾಳಪ್ಪ ಎರಡೂ ಕೈ ತಟಕ್ಕನೆ ಬಿಟ್ಟ. ಬಿಟ್ಟ ಕೈಗಳನ್ನು ಗಾಳಿಯಲ್ಲೇ ಹಿಡಿದು, ಅವಳು "ಈಗ ಬಿಚ್ಚು" ಅನ್ನುವವರೆಗೂ ಉಸಿರಾಡದೆ ಕೂತ.