ಅಪ್ಪನ ಬೆನ್ನು, ಅಣ್ಣನ ಬೆನ್ನು

ನಮ್ಮಪ್ಪ ಬಡಗಿ. ಅಣ್ಣನೂ ಬಡಗಿ. ಮನೆಯ ಮುಂದಿನ ಕೋಣೆಯೇ ಅವರ ಕೆಲಸದ ಜಾಗವಾಗಿತ್ತು. ಮರದ ಹೊಟ್ಟಿನ ವಾಸನೆ ಎಲ್ಲಿ ಬಂದರೂ ನನಗೆ ಅಪ್ಪನ ನೆನಪಾಗುತ್ತೆ.

ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ಸೊಂಟದ ಹತ್ತಿರ ಗೇಣುದ್ದ ಕೊಯ್ದು ಡಿಸ್ಕ್ ಆಪರೇಷನ್ ಮಾಡಿದ್ದರು. ತಿಂಗಳುಗಟ್ಟಲೆ ಅಪ್ಪ ಕಿಟಕಿ ಪಕ್ಕದ ಮಂಚದ ಮೇಲೆ. ನನಗೋ ಖುಷಿಯೋ ಖುಷಿ! ಶಾಲೆಯಿಂದ ಬಂದರೆ ಅಪ್ಪ ಮನೆಯಲ್ಲೇ. ಮಲಗಿದಲ್ಲೇ ಮರದ ಚೂರು ಕೆತ್ತಿ ಆನೆ, ಕುದುರೆ ಮಾಡಿಕೊಡೋರು. ಕುದುರೆ ಕತ್ತೆ ಥರ ಇದೆ ಅಂದರೆ ನಗೋರು. ಅಂಥ ಸಂಜೆಗಳು ಮತ್ತೆ ಬರಲಿಲ್ಲ.

ಅಣ್ಣನಿಗೆ ಮಾತ್ರ ಆ ದಿನಗಳೆಂದರೆ ಭಯ. ಅಪ್ಪನನ್ನು ಎತ್ತಿ ಕೂರಿಸುತ್ತಿದ್ದವನು ಅವನು. ಅಪ್ಪ ಟವೆಲ್ ಕಚ್ಚಿಕೊಂಡು ನೋವು ನುಂಗುವುದನ್ನು ಕಂಡವನೂ ಅವನೇ.

ಈಚೆಗೆ ಅಣ್ಣನಿಗೂ ಅದೇ ಕಾಯಿಲೆ ಬಂತು. ಡಿಸ್ಕ್ ಜಾರಿ ನರ ಒತ್ತುತ್ತಿತ್ತು. ಡಾಕ್ಟರು ಮೊದಲು ಆಪರೇಷನ್ ಮಾತೇ ಎತ್ತಲಿಲ್ಲ. ಮಾತ್ರೆ, ವ್ಯಾಯಾಮ ಹೇಳಿ, "ಹೆಚ್ಚಿನವರಿಗೆ ಇಷ್ಟರಲ್ಲೇ ವಾಸಿಯಾಗುತ್ತೆ" ಅಂದಿದ್ದರು. ಕೆಲವು ವಾರ ಕಳೆದರೂ ಅಣ್ಣನಿಗೆ ಕಡಿಮೆಯಾಗಲಿಲ್ಲ.

ಒಂದು ಭಾನುವಾರ ಅವನ ಮನೆಗೆ ಹೋಗಿದ್ದೆ. ಅತ್ತಿಗೆ ನಗುತ್ತಾ, "ನೋಡೇ, ಚಪ್ಪಲಿ ಕಳಚಿಬಿದ್ದರೂ ಇವರಿಗೆ ಗೊತ್ತಾಗಲ್ಲ!" ಅಂದರು.

ನನಗೆ ನಗು ಬರಲಿಲ್ಲ. ನಾನು ನರ್ಸು. "ಅಣ್ಣಾ, ಹಿಮ್ಮಡಿ ಮೇಲೆ ನಿಲ್ಲು" ಅಂದೆ. ಎಡಗಾಲಿನ ಬೆರಳು ನೆಲ ಬಿಟ್ಟು ಮೇಲೇಳಲಿಲ್ಲ. ನರ ಒತ್ತಿ ಒತ್ತಿ ಪಾದದ ಬಲ ಹೋಗುತ್ತಿತ್ತು.

"ನಾಳೇನೇ ಡಾಕ್ಟರ ಹತ್ತಿರ ಹೋಗೋಣ."

"ಬೇಡ ಕಣೇ. ಕೊಯ್ಸಿಕೊಂಡು ಅಪ್ಪನ ಕಾಲು ಸರಿಹೋಯ್ತಾ? ಕೊನೇವರೆಗೂ ಎಳ್ಕೊಂಡೇ ನಡೆದರು."

"ಆಪರೇಷನ್‌ನಿಂದ ಅಲ್ಲ ಅಣ್ಣಾ. ಅದಕ್ಕೆ ಮೊದಲೇ ಕಾಲಿನ ಬಲ ಹೋಗಿತ್ತು. ಹೆದರಿ ಹೆದರಿ ತಡ ಮಾಡಿದ್ದರು. ಅಮ್ಮನೇ ಹೇಳಿದ್ದು."

ಅಣ್ಣ ಗೋಡೆಗೆ ಒರಗಿ ಇನ್ನೊಮ್ಮೆ ಬೆರಳು ಎತ್ತಲು ನೋಡಿದ. ಮಾರನೇ ದಿನ ಮೂವರೂ ಹೋದೆವು. ಕಾಲು ಪರೀಕ್ಷಿಸಿದ ಡಾಕ್ಟರು ಈಗ ಆಪರೇಷನ್ ಬೇಕು ಅಂದರು.

"ಗೇಣುದ್ದ ಕೊಯ್ತೀರಾ ಡಾಕ್ಟ್ರೇ?" ಅಣ್ಣನ ಮೊದಲ ಪ್ರಶ್ನೆ.

"ನಿಮಗೆ ಹೆಬ್ಬೆರಳಿನ ಅಗಲ ಸಾಕು. ಸ್ನಾಯುವನ್ನು ಹೆಚ್ಚು ಕೊಯ್ಯದೆ ಸರಿಸಿ, ದೊಡ್ಡದಾಗಿ ತೋರಿಸೋ ಉಪಕರಣದಲ್ಲಿ ನೋಡ್ತಾ, ನರ ಒತ್ತೋ ಚೂರನ್ನ ತೆಗೀತೀವಿ. ರಕ್ತ ಕಡಿಮೆ ಹೋಗುತ್ತೆ, ಬೇಗ ಎದ್ದು ಓಡಾಡಬಹುದು."

"ಹಾಗಾದ್ರೆ ಎಲ್ಲರಿಗೂ ಅದನ್ನೇ ಮಾಡಬಹುದಲ್ಲ?" ಅತ್ತಿಗೆ ಕೇಳಿದರು.

"ಎಲ್ಲರಿಗೂ ಹೊಂದಲ್ಲಮ್ಮ. ಹಲವು ಕಡೆ ತೊಂದರೆ ಇದ್ದರೆ, ಮೂಳೆ ಅಲುಗಾಡ್ತಿದ್ದರೆ, ದೊಡ್ಡದಾಗಿ ತೆರೀಬೇಕಾಗಬಹುದು. ಅದೇನೂ ಕೆಟ್ಟದ್ದಲ್ಲ. ವರ್ಷ ಕಳೆದ ಮೇಲೆ ನೋಡಿದ್ರೆ ಕಾಲುನೋವಿಗೆ ಎರಡರ ಫಲವೂ ಹೆಚ್ಚುಕಮ್ಮಿ ಒಂದೇ. ಸೋಂಕು, ನರಕ್ಕೆ ಪೆಟ್ಟು, ಡಿಸ್ಕ್ ಮತ್ತೆ ಜಾರೋದು, ಈ ಅಪಾಯಗಳು ಎರಡರಲ್ಲೂ ಸ್ವಲ್ಪ ಇದ್ದೇ ಇವೆ."

ಹೊರಗೆ ಬಂದ ಅಣ್ಣ, "ಮುಚ್ಚುಮರೆ ಇಲ್ಲದೆ ಹೇಳಿದರು. ಮಾಡಿಸ್ಕೋತೀನಿ" ಅಂದ.

ಆಪರೇಷನ್ ಆದ ಮರುದಿನ ಬೆಳಿಗ್ಗೆ ಅವನು ಗೋಡೆ ಹಿಡಿದು ತಾನೇ ನಡೆದ. "ಇಷ್ಟೇನಾ?" ಅಂದವನು ಇದ್ದಕ್ಕಿದ್ದಂತೆ ಅತ್ತುಬಿಟ್ಟ. "ಅಪ್ಪನಿಗೂ ಆಗ ಇದು ಸಿಕ್ಕಿದ್ದರೆ..." ನನಗೂ ಕಣ್ಣು ತುಂಬಿತು.

ಪಾದದ ಬಲ ನಿಧಾನವಾಗಿ ಬರುತ್ತಿದೆ. ಪೂರ್ತಿ ಬಂದಿಲ್ಲ, ವ್ಯಾಯಾಮ ನಡೆದಿದೆ. ದಿಮ್ಮಿಯನ್ನು ಒಬ್ಬನೇ ಎತ್ತುವ ಹಮ್ಮು ಬಿಟ್ಟಿದ್ದಾನೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬೆನ್ನು ನೋವು ಬಂದ ಕೂಡಲೇ ಆಪರೇಷನ್‌ಗೆ ಓಡಬೇಡಿ. ಆದರೆ ಕಾಲು ಸೋಲುತ್ತಿದ್ದರೆ ಮುಚ್ಚಿಡಲೂಬೇಡಿ. ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ. ಆಪರೇಷನ್ ಬೇಕೆಂದರೆ ಕೇಳಿ: ನನಗೆ ಯಾವುದು ಹೊಂದುತ್ತೆ? ಯಾಕೆ? ಇಂಥದ್ದು ನಿಮಗೆ ಎಷ್ಟು ರೂಢಿ? ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳಲ್ಲ. ಕೇಳಲು ಸಂಕೋಚವಾದರೆ ಬಾಯಿಜೋರಿನ ತಂಗಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗಿ.