ತಿದ್ದಪ್ಪನ ಕೆಂಪು ಶಾಯಿ

ಸೇವಾ ಸಂಘದ ವಾರಪತ್ರಿಕೆಗೆ ಒಂದು ವಿಚಿತ್ರ ಪದ್ಧತಿಯಿತ್ತು. ಭಾನುವಾರದ ಸುದ್ದಿಯನ್ನು ಗುರುವಾರವೇ ಬರೆದು ಮುಗಿಸಬೇಕು. ಕಾರ್ಯಕ್ರಮ ಮುಗಿದು ಸದಸ್ಯರು ಊಟಕ್ಕೆ ಕೂತಾಗ ತಟ್ಟೆಯ ಪಕ್ಕದಲ್ಲಿ ಪತ್ರಿಕೆ ಇರಬೇಕು, ಅದರಲ್ಲಿ ಈಗಷ್ಟೇ ಮುಗಿದ ಕಾರ್ಯಕ್ರಮದ ವರದಿಯೇ ಇರಬೇಕು. ಇದು ಅಧ್ಯಕ್ಷರ ಹಟ. ಹೀಗಾಗಿ ಇನ್ನೂ ಮಾಡದ ಭಾಷಣಕ್ಕೆ ಚಪ್ಪಾಳೆ ಬಿದ್ದಿರುತ್ತಿತ್ತು, ಇನ್ನೂ ಕೊಡದ ರಕ್ತ ಸಂಗ್ರಹವಾಗಿರುತ್ತಿತ್ತು. ಇದು ಸುಳ್ಳು ಅಂತ ಯಾರಿಗೂ ಅನ್ನಿಸಿರಲಿಲ್ಲ. ನಡೆಯುವುದಂತೂ ನಡೆಯುತ್ತದೆ, ಮೂರು ದಿನ ಮೊದಲೇ ಬರೆದಿಟ್ಟರೆ ಯಾರಪ್ಪನ ಗಂಟು ಹೋಗುತ್ತದೆ?

ಮೂವತ್ತು ವರ್ಷ ಈ ಪತ್ರಿಕೆಯ ಪ್ರೂಫು ನೋಡಿದವನು ತಿದ್ದಪ್ಪ. ಅವನ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ. ಮದುವೆ ಕರೆಯೋಲೆ ಕೊಟ್ಟರೂ ಕೆಂಪು ಪೆನ್ನು ತೆಗೆದು ತಿದ್ದಿ ವಾಪಸು ಕೊಡುವ ಆಸಾಮಿ. ಮೂರು ತಿಂಗಳ ಹಿಂದೆ ಅವನು ತೀರಿಕೊಂಡ ಮೇಲೆ ಪತ್ರಿಕೆಯ ಕೆಲಸ ಟೈಲರಕ್ಕನ ಕೊರಳಿಗೆ ಬಿತ್ತು. ಹೊಲಿಗೆ ಯಂತ್ರದ ಮುಂದೆ ಕೂತೇ ಅವಳು ವರದಿ ಬರೆಯುತ್ತಿದ್ದಳು. ಗುರುವಾರ ಸಂಜೆ ಪ್ರೆಸ್ಸಿನವನು ಪ್ರೂಫು ತಂದು ಸಂಘದ ಕೋಣೆಯ ಮೇಜಿನ ಡ್ರಾಯರಿನಲ್ಲಿಡುತ್ತಿದ್ದ. ಶುಕ್ರವಾರ ಬೆಳಿಗ್ಗೆ ಅವಳು ಹೋಗಿ ನೋಡಿ ಅಲ್ಲೇ ಇಟ್ಟು ಬರುತ್ತಿದ್ದಳು, ಮಧ್ಯಾಹ್ನ ಅವನು ಒಯ್ಯುತ್ತಿದ್ದ.

ಅವಳು ನೋಡುವಷ್ಟರಲ್ಲಿ ಪ್ರೂಫಿನ ತಪ್ಪುಗಳಿಗೆಲ್ಲ ಕೆಂಪು ಶಾಯಿ ಬಿದ್ದಿರುತ್ತಿತ್ತು. ಪಾಪ, ಪ್ರೆಸ್ಸಿನವನಿಗೆ ಎಷ್ಟು ಮುತುವರ್ಜಿ ಅಂದುಕೊಂಡಿದ್ದಳು ಟೈಲರಕ್ಕ. ಒಮ್ಮೆ ‘ಹದಿನೆಂಟು ಸದಸ್ಯರು ಹಾಜರಿದ್ದರು’ ಎಂಬುದು ಹದಿನೇಳಾಗಿತ್ತು. ಆ ಭಾನುವಾರ ಔಷಧಿ ಅಂಗಡಿಯವನಿಗೇ ಹೊಟ್ಟೆ ಕೆಟ್ಟು, ಬಂದವರು ಹದಿನೇಳೇ. ಇನ್ನೊಮ್ಮೆ ‘ಅಧ್ಯಕ್ಷರು ಚುಟುಕಾಗಿ ಮಾತನಾಡಿದರು’ ಎಂಬಲ್ಲಿ ‘ಚುಟುಕಾಗಿ’ ಹೊಡೆದು ‘ಐವತ್ತು ನಿಮಿಷ’ ಎಂದು ಬರೆದಿತ್ತು. ಅಧ್ಯಕ್ಷರು ಹಲ್ಲಿನ ಡಾಕ್ಟರು. ಊರವರ ಬಾಯಿ ತೆರೆಸಿ ಕೂರಿಸಿ ತಾವೊಬ್ಬರೇ ಮಾತಾಡಿ ಅಭ್ಯಾಸ. ಭಾನುವಾರ ಅವಳು ಗಡಿಯಾರ ನೋಡಿಕೊಂಡಳು. ಸರಿಯಾಗಿ ಐವತ್ತು ನಿಮಿಷ. ಬಿದ್ದು ಬಿದ್ದು ನಕ್ಕಳು.

ಆದರೆ ಒಂದು ಶುಕ್ರವಾರ ಪ್ರೂಫು ನೋಡಿದಾಗ ನಗು ಬರಲಿಲ್ಲ. ಭಾನುವಾರ ಸಂಘ ಮಕ್ಕಳನ್ನು ಕೆರೆಯ ನಡುವಿನ ದ್ವೀಪಕ್ಕೆ ಕರೆದೊಯ್ಯುವುದಿತ್ತು. ‘ನಲವತ್ತೊಂದು ಮಕ್ಕಳು ದೋಣಿಯಲ್ಲಿ ಹೋಗಿ ನಲಿದರು. ನಲವತ್ತೊಂದು ಮಕ್ಕಳೂ ಕ್ಷೇಮವಾಗಿ ಮರಳಿದರು’ ಎಂದು ಅವಳು ಬರೆದಿದ್ದಳು. ಮೊದಲನೆಯ ನಲವತ್ತೊಂದು ಹಾಗೇ ಇತ್ತು. ಎರಡನೆಯದನ್ನು ಹೊಡೆದು, ಮೇಲೆ ದುಂಡಗಿನ ಅಕ್ಷರದಲ್ಲಿ ‘ನಲವತ್ತು’ ಎಂದು ಬರೆದಿತ್ತು. ‘ಕ್ಷೇಮವಾಗಿ’ ಎಂಬುದರ ಮೇಲೂ ಗೆರೆ.

ಕೋಪದಿಂದಲೇ ಪ್ರೆಸ್ಸಿಗೆ ಹೋದಳು. “ಏನಪ್ಪಾ, ಮಕ್ಕಳ ವಿಷಯದಲ್ಲಿ ಇಂಥಾ ತಮಾಷೆ ಮಾಡ್ತಾರಾ?”

ಪ್ರೆಸ್ಸಿನವನು ಕೈಯ ಮಸಿ ಒರೆಸಿಕೊಳ್ಳುತ್ತ ಹಾಳೆ ನೋಡಿದ. “ನಾನ್ಯಾಕೆ ತಿದ್ಲಿ ಅಕ್ಕಾ? ಅಚ್ಚು ಹಾಕೋದು ಅಷ್ಟೇ ನನ್ನ ಕೆಲಸ. ಇಷ್ಟು ದಿನಾ ನೀವೇ ತಿದ್ತಾ ಇದ್ದೀರಿ ಅಂದ್ಕೊಂಡಿದ್ದೆ.” ಆಮೇಲೆ ಹಾಳೆಯನ್ನು ಬೆಳಕಿಗೆ ಹಿಡಿದ. “ಅಕ್ಕಾ, ಇದು... ಈ ಅಕ್ಷರ ನಾನು ಮೂವತ್ತು ವರ್ಷ ಓದಿದ್ದೀನಿ.”

ನಲವತ್ತೊಂದು ಮಕ್ಕಳಲ್ಲಿ ಒಬ್ಬಳು ಟೈಲರಕ್ಕನ ಮೊಮ್ಮಗಳು. ತಾಯಿಯಿಲ್ಲದ ಕೂಸು, ಏಳು ವರ್ಷ, ಅಜ್ಜಿಯ ಸೆರಗು ಹಿಡಿಯದೆ ನಿದ್ದೆ ಮಾಡದವಳು.

ನೇರ ಅಧ್ಯಕ್ಷರ ಕ್ಲಿನಿಕ್ಕಿಗೆ ಓಡಿದಳು. ದೋಣಿ ಬೇಡ ಅನ್ನಬೇಕೆಂದೇ ಹೋದದ್ದು. ಅವರು ಯಾರದೋ ಬಾಯಿಯಲ್ಲಿ ಕೈಯಿಟ್ಟುಕೊಂಡೇ, “ಏನ್ ಟೈಲರಮ್ಮ, ಇಷ್ಟು ಅವಸರದಲ್ಲಿ?” ಎಂದರು. ಸತ್ತವನು ಪ್ರೂಫು ತಿದ್ದಿದ್ದಾನೆ ಅಂತ ಹೇಗೆ ಹೇಳುವುದು? ಊರೆಲ್ಲ ನಗುತ್ತದೆ, ಪತ್ರಿಕೆ ಕೈಬಿಟ್ಟು ಹೋಗುತ್ತದೆ, ತಲೆ ಕೆಟ್ಟಿದೆ ಅಂತ ಬಟ್ಟೆ ಕೊಡುವವರೂ ಬರುವುದಿಲ್ಲ. ಅಷ್ಟರಲ್ಲಿ ಅವಳಿಗೆ ಇನ್ನೊಂದು ಹೊಳೆಯಿತು. ಮರಳುವವರು ನಲವತ್ತು ತಾನೇ? ಹೋಗುವವರೇ ನಲವತ್ತಾದರೆ?

“ಏನಿಲ್ಲ ಡಾಕ್ಟ್ರೇ, ಮೊಮ್ಮಗಳಿಗೆ ಜ್ವರ. ಅವಳು ಬರೋದಿಲ್ಲ ಅಂತ ಹೇಳೋಕೆ ಬಂದೆ,” ಎಂದಳು.

ಮತ್ತೆ ಪ್ರೆಸ್ಸಿಗೆ ಹೋಗಿ ಎರಡೂ ಕಡೆ ‘ನಲವತ್ತು’ ಎಂದು ತನ್ನ ಕೈಯಾರೆ ಬರೆದುಕೊಟ್ಟಳು. ‘ಕ್ಷೇಮವಾಗಿ’ಯನ್ನೂ ಉಳಿಸಿದಳು. ಲೆಕ್ಕ ಸರಿಹೋಯಿತಲ್ಲ, ಇನ್ನೇನು? ಪ್ರೆಸ್ಸಿನವನು ಅಳುಕುತ್ತ, “ಇನ್ನೊಂದು ಪ್ರೂಫು ತೆಗೆದು ಡ್ರಾಯರಲ್ಲಿ ಇಡ್ಲಾ ಅಕ್ಕಾ?” ಎಂದ.

“ಬೇಡ!” ಎಂದಳು ಟೈಲರಕ್ಕ, ರಸ್ತೆಯವರು ತಿರುಗಿ ನೋಡುವ ಹಾಗೆ. “ಹಾಗೇ ಅಚ್ಚು ಹಾಕು.” ಅದರಲ್ಲಿ ಮತ್ತೇನು ತಿದ್ದಿರುತ್ತದೋ ನೋಡಲು ಅವಳಿಗೆ ಧೈರ್ಯವಿರಲಿಲ್ಲ, ಅಷ್ಟೇ.

ಭಾನುವಾರ ಬೆಳಿಗ್ಗೆ ಮೊಮ್ಮಗಳು ರಂಪ ಮಾಡಿದಳು. “ನಂಗೆ ಜ್ವರ ಇಲ್ಲ ಅಜ್ಜಿ, ಮುಟ್ಟಿ ನೋಡು!” ಎಂದು ಹಣೆ ಒಡ್ಡಿದಳು. ಅವಳನ್ನು ಪಕ್ಕದ ಮನೆಯವರ ಸುಪರ್ದಿಗೆ ಒಪ್ಪಿಸಿ, ಬಾಗಿಲು ಹಾಕಿದ್ದನ್ನು ಎರಡು ಸಲ ಎಳೆದು ನೋಡಿ, ಪತ್ರಿಕೆಯ ಕಟ್ಟು ಹೊತ್ತು ಕೆರೆಯ ದಂಡೆಗೆ ಬಂದಾಗ ದೋಣಿ ಹೋಗಿ ಎರಡು ಗಂಟೆಯಾಗಿತ್ತು. ಒಳ್ಳೆಯ ಬಿಸಿಲು. ನೀರು ಅಲುಗದೆ ಮಲಗಿತ್ತು. ಊಟದ ಮೇಜು ಹಾಕಿಯಾಗಿತ್ತು. ಅವಳು ಒಂದೊಂದು ತಟ್ಟೆಯ ಪಕ್ಕ ಒಂದೊಂದು ಪತ್ರಿಕೆ ಇಡುತ್ತ ಹೋದಳು. ಎರಡು ದಿನದಿಂದ ಹಿಡಿದಿಟ್ಟ ಉಸಿರು ಈಗ ಸ್ವಲ್ಪ ಸಡಿಲವಾಗಿತ್ತು.

ಸಂಘದ ಹಾಲ್ ಗುಡಿಸುವವಳು ಲೋಟ ಜೋಡಿಸುತ್ತಿದ್ದವಳು ಅವಳನ್ನು ಕಂಡು ಓಡಿಬಂದಳು. ಮುಖದ ತುಂಬ ನಗು.

“ಅಮ್ಮಾ, ಪಾಪುಗೆ ಜ್ವರ ಹೇಗಿದೆ? ನಿಮ್ಮಿಂದ ದೊಡ್ಡ ಉಪಕಾರ ಆಯ್ತಮ್ಮ!”

“ನನ್ನಿಂದ ಏನಾಯ್ತೇ?”

“ನಿಮ್ಮ ಮೊಮ್ಮಗಳ ಜಾಗ ಖಾಲಿ ಇತ್ತಲ್ಲ. ನನ್ನ ಮಗಳು ದೋಣಿ ನೋಡಿ ಒಂದೇ ಸಮ ಅಳ್ತಾ ಇದ್ಲು. ಡಾಕ್ಟ್ರು, ನಲವತ್ತೊಂದು ಅಂದ್ರೆ ನಲವತ್ತೊಂದೇ ಆಗ್ಲಿ, ನೀನೂ ಹತ್ಕೋ ಮರಿ ಅಂದ್ರು. ಹುಟ್ಟಿದ ಮೇಲೆ ಮೊದಲನೇ ಸಲ ದೋಣಿ ಹತ್ತಿದ್ದಾಳೆ ನೋಡಿ. ನಿಮ್ಮ ಹೊಟ್ಟೆ ತಣ್ಣಗಿರ್ಲಿ.”

ಟೈಲರಕ್ಕನ ಕೈಯಲ್ಲಿದ್ದ ಪತ್ರಿಕೆಗಳು ಜಾರಿ ಬಿದ್ದವು. ನೀರಿನ ಅಂಚಿಗೆ ಓಡಿದಳು. ಗುಡಿಸುವವಳು ಏನೂ ತಿಳಿಯದೆ, ದೋಣಿ ಬಂತೇನೋ ಎಂಬ ಖುಷಿಯಲ್ಲಿ ಹಿಂದೆಯೇ ಓಡಿಬಂದಳು.

ದೋಣಿ ಬರುತ್ತಿತ್ತು. ಹೋಗುವಾಗ ಮಕ್ಕಳ ಹಾಡು ರಸ್ತೆಯವರೆಗೂ ಕೇಳಿತ್ತಂತೆ. ಈಗ ಮೋಟಾರಿನ ಸದ್ದು ಬಿಟ್ಟರೆ ಏನೂ ಇಲ್ಲ. ಐವತ್ತು ನಿಮಿಷ ಮಾತಾಡುವ ಅಧ್ಯಕ್ಷರು ಮುಂಭಾಗದಲ್ಲಿ ನಿಂತಿದ್ದರು, ಮೈಯೆಲ್ಲ ಒದ್ದೆ, ತಲೆ ತಗ್ಗಿಸಿದ್ದರು. ಟೈಲರಕ್ಕ ಮಕ್ಕಳ ತಲೆಗಳನ್ನು ಎಣಿಸಿದಳು. ನಲವತ್ತು. ದೇವರೇ, ತಪ್ಪಿರಲಿ ಎಂದು ಹಿಂದಿನಿಂದ ಎಣಿಸಿದಳು. ನಲವತ್ತು.

ಪಕ್ಕದಲ್ಲಿ ಗುಡಿಸುವವಳು ತುದಿಗಾಲಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದಳು. “ಎಲ್ಲಿ ಕೂತಿದ್ದಾಳೋ ಕೋತಿ, ಕಾಣ್ತಾನೇ ಇಲ್ಲ,” ಎಂದಳು.

ಟೈಲರಕ್ಕ ಅವಳ ಬೀಸುವ ಕೈಯನ್ನು ಹಿಡಿದುಕೊಂಡಳು. “ನಂಗೆ ಗೊತ್ತಿತ್ತು ಕಣೇ,” ಎಂದಳು. “ಶುಕ್ರವಾರದಿಂದ ಗೊತ್ತಿತ್ತು.”

“ಏನಮ್ಮಾ ಗೊತ್ತಿತ್ತು?” ಎಂದು ಗುಡಿಸುವವಳು ನಗುತ್ತಲೇ ಅವಳ ಕಡೆ ತಿರುಗಿದಳು.