ಕೈಲಾಗದವನ ಸೂಜಿ

ನನ್ನ ಹೆಂಡತಿ ದೇವರ ಪಾದ ಸೇರಿದ ಮೇಲೆ ಹೊಲಿಗೆ ಅಂಗಡಿಯಲ್ಲಿ ನಾನೊಬ್ಬನೇ. ದಾರ ಪೋಣಿಸಿದ ಸೂಜಿಗಳನ್ನು ಮೆತ್ತೆಗೆ ಚುಚ್ಚಿಡುವುದು ಅವಳ ಕೆಲಸವಾಗಿತ್ತು, ಹೊಲಿಯುವುದು ನನ್ನದು. ಅವಳು ಬಿಟ್ಟುಹೋದ ಸೂಜಿಗಳಲ್ಲಿ ಈಗ ಒಂದೇ ಉಳಿದಿತ್ತು. ಅದನ್ನು ಬಳಸಲು ಮನಸ್ಸು ಬಾರದು. ಬರಿದಾದವುಗಳಿಗೆ ಪೋಣಿಸೋಣವೆಂದರೆ ಕಣ್ಣು ಮಂಜು, ಸೂಜಿಯ ತೂತೇ ಕಾಣದು. ದಾದಿಯೊಬ್ಬಳ ಬಿಳಿ ಕೋಟಿಗೆ ಗುಂಡಿ ಹಾಕುವುದು ಬಾಕಿಯಿತ್ತು. ಸಂಜೆ ಅದನ್ನು ಹಾಗೆಯೇ ಹಿಂದಿರುಗಿಸಿ ಅಂಗಡಿಯನ್ನು ಶಾಶ್ವತವಾಗಿ ಮುಚ್ಚಿಬಿಡುವುದೆಂದು ನಿಶ್ಚಯಿಸಿದ್ದೆ.

ಶಾಲೆಯಲ್ಲಿ ಪಾಠ ಹೇಳುವ ಸೊಸೆ ಮೇಜಿನ ತುದಿಯಲ್ಲಿ ಕುಳಿತು ಪ್ರಶ್ನೆಪತ್ರಿಕೆ ಬರೆಯುತ್ತಿದ್ದಳು.

“ಮಾವ, ಅಸಮರ್ಥ ಅನ್ನೋದಕ್ಕೆ ಬೇರೆ ಪದ ಹೇಳಿ.”

“ಅಶಕ್ತ, ಅದಕ್ಷ, ಅಯೋಗ್ಯ. ಸಾಲದಿದ್ರೆ ನನ್ನ ಹೆಸರು ಬರ್ಕೋ.”

“ಅದಕ್ಕೆ ಅಂಕ ಕೊಡಕ್ಕಾಗಲ್ಲ,” ಎಂದು ನಕ್ಕಳು. “ಎಲ್ಲಾ ಒಂದೇನಾ?”

“ಒಂದೇ ಹೇಗಾಗುತ್ತೆ? ಅಶಕ್ತನಿಗೆ ಬಲ ಇಲ್ಲ. ಅದಕ್ಷನಿಗೆ ಬಲ ಇದ್ರೂ ಕೆಲಸ ಬರಲ್ಲ. ಅಯೋಗ್ಯ ಅನ್ನೋದು ಬರೀ ಬೈಗುಳ.”

“ಕೈಲಾಗದವನು?”

ನನ್ನ ಕಣ್ಣು ಮೆತ್ತೆಯತ್ತ ಹೋಯಿತು. ‘ಕೈಲಾಗದ ಗಂಡನ್ನ ಕಟ್ಕೊಂಡೆ’ ಎಂದು ಗೊಣಗುತ್ತಲೇ ನನ್ನವಳು ದಿನವೂ ಸೂಜಿ ಕೊಡುತ್ತಿದ್ದಳು.

“ಅತ್ತೆ ಹಾಗಂದ್ರೆ ಬೇಜಾರಾಗ್ತಿತ್ತಾ?”

“ಇಲ್ಲಮ್ಮ. ಆಗ ಅವಳ ಕೈ ಇತ್ತಲ್ಲ.”

ಸೊಸೆ ಪೆನ್ನು ಕೆಳಗಿಟ್ಟು ಬರಿದಾದ ಸೂಜಿಯೊಂದನ್ನು ಎತ್ತಿಕೊಂಡಳು. ಎಷ್ಟು ಸಲ ಚುಚ್ಚಿದರೂ ದಾರ ಪಕ್ಕಕ್ಕೇ ಹೋಯಿತು.

“ತಗೊಳ್ಳಿ, ನಾನೂ ನಿಮ್ಮ ಸಾಲಿಗೇ ಸೇರಿದೆ! ಅಲ್ಲ ಮಾವ, ಸೂಜೀನ ಯಾಕೆ ಖಾಲಿ ಮಾಡಿದ್ರಿ?”

“ದಾರ ಮುಗೀತು, ಖಾಲಿ ಆಯ್ತು.”

“ಅತ್ತೆ ಮುಗಿಯಕ್ಕೆ ಬಿಡ್ತಾನೇ ಇರಲಿಲ್ಲ. ಗೇಣುದ್ದ ಉಳಿಸಿ, ಮೇಣ ಸವರಿ, ಅದರ ತುದಿಗೆ ಹೊಸ ದಾರ ಹೊಸೆದು ಎಳೀತಿದ್ರು. ನೇಯೋರ ಮನೆ ಮಗಳಲ್ವಾ, ಎಳೆಗೆ ಎಳೆ ಸೇರಿಸೋದು ಗೊತ್ತಿತ್ತು.”

‘ಗೇಣು ಉಳಿಸಿ ಕೊಡಿ’ ಎಂದು ಅವಳು ಹೇಳುತ್ತಿದ್ದದ್ದು ಆಗ ನೆನಪಾಯಿತು. ಏಕೆಂದು ನಾನು ಕೇಳಿರಲಿಲ್ಲ.

“ಅತ್ತೆ ಪೋಣಿಸಿಟ್ಟ ಆ ಸೂಜಿ ಕೊಡಿ.”

ಮನಸ್ಸಿನಲ್ಲೇ ದೇವರನ್ನು ನೆನೆದು ಆ ಕೊನೆಯ ಸೂಜಿಯನ್ನು ಅವಳ ಕೈಗಿತ್ತೆ. ಸೊಸೆ ಹಳೆಯ ದಾರದ ತುದಿಗೂ ಹೊಸದರ ತುದಿಗೂ ಮೇಣ ಹಚ್ಚಿ, ಹೊಸೆದು ಸೇರಿಸಿ ಮೆಲ್ಲಗೆ ಎಳೆದಳು. ನನ್ನವಳ ದಾರ ಸೂಜಿಯ ಕಣ್ಣಿನಿಂದ ಹೊರಬರುತ್ತಾ ಹೊಸದನ್ನು ಒಳಗೆ ಕರೆತಂದಿತು. ಆ ಹಳೆಯ ತುಂಡಿನಿಂದಲೇ ಮೊದಲ ಗುಂಡಿ ಹಾಕಿದೆ.

ಸಂಜೆ ದಾದಿ ಕೋಟು ತೊಟ್ಟು, ಗುಂಡಿಗಳನ್ನೆಲ್ಲ ಹಾಕಿ ನೋಡಿಕೊಂಡಳು.

“ಇನ್ನೊಂದು ಹೊಲಿಸಬೇಕು, ಅಜ್ಜ. ನಾಳೆ ಅಂಗಡಿ ಇರುತ್ತಾ?”

ಗೇಣುದ್ದ ದಾರ ಉಳಿದಿದ್ದ ಸೂಜಿಯನ್ನು ಮೆತ್ತೆಗೆ ಚುಚ್ಚಿಟ್ಟೆ.

“ಇರುತ್ತೆ, ತಾಯಿ. ಬಟ್ಟೆ ತಗೊಂಡು ಬಾ.”